ಪಟ್ಟಿಯಲ್ಲಿಲ್ಲದ ವಿಷ



ನವೆಂಬರ್ 14 ಎಂದೊಡನೆ ನಿಮಗೆ ಮಕ್ಕಳ ದಿನಾಚರಣೆ ನೆನಪಾಗುತ್ತದೆ. ಶಾಲೆಯಲ್ಲಿ ಹಂಚಿದ ಸಿಹಿ, ಆಟೋಟ, ಭಾಷಣಗಳು ನೆನಪಾಗುತ್ತವೆ. ಅದೇ ದಿನಾಂಕಕ್ಕೆ ನಮ್ಮ ದೇಶದ ಕಾನೂನಿನ ಚರಿತ್ರೆಯಲ್ಲಿ ಇನ್ನೊಂದು ಸ್ಥಾನವೂ ಇದೆ. ಮಾದಕ ದ್ರವ್ಯ ಹಾಗೂ ಮನೋಪ್ರಭಾವಿ ವಸ್ತುಗಳ ಕಾಯಿದೆ ಜಾರಿಗೆ ಬಂದದ್ದು 1985ರ ನವೆಂಬರ್ 14ರಂದು. ಅಫೀಮು, ಗಾಂಜಾ, ಚರಸ್, ಹೆರಾಯಿನ್, ಕೊಕೇನ್ ಇವೆಲ್ಲ ಆ ಕಾಯಿದೆಯ ಕಟ್ಟಿಗೆ ಒಳಪಟ್ಟವು. ಮನಸ್ಸಿನ ಮೇಲೆ ಪ್ರಭಾವ ಬೀರುವ ಹತ್ತಾರು ರಾಸಾಯನಿಕಗಳ ಹೆಸರುಗಳನ್ನು ಕಾಯಿದೆಯ ಕೊನೆಯಲ್ಲಿ ಪಟ್ಟಿಯಾಗಿ ಕೊಡಲಾಯಿತು.

ಆದರೆ ಬೆಂಗಳೂರಿನ ಬೀದಿಯಲ್ಲಿ ಬದುಕುತ್ತಿದ್ದ ಮಕ್ಕಳ ಕೈಗೆ ಸುಲಭವಾಗಿ ಸಿಗುತ್ತಿದ್ದ ವಿಷ ಆ ಪಟ್ಟಿಯಲ್ಲಿ ಇರಲಿಲ್ಲ. ಅದು ಕಳ್ಳಸಾಗಣೆಯಾಗಿ ಬರುತ್ತಿರಲಿಲ್ಲ. ನೋಟ್‌ಬುಕ್ಕು, ಪೆನ್ಸಿಲು ಮಾರುವ ಅಂಗಡಿಯಲ್ಲಿ, ಸೈಕಲ್ ಪಂಕ್ಚರ್ ಹಾಕುವ ಕಡೆ, ಬಣ್ಣದ ಅಂಗಡಿಯಲ್ಲಿ ರಾಜಾರೋಷವಾಗಿ ಕುಳಿತಿತ್ತು. ಬರವಣಿಗೆಯ ತಪ್ಪು ಅಳಿಸುವ ಬಿಳಿ ದ್ರವ, ಅದನ್ನು ತೆಳುಗೊಳಿಸುವ ಥಿನ್ನರ್, ಅಂಟು ಸಲ್ಯೂಷನ್ ಇವುಗಳಿಂದ ಏಳುವ ಆವಿಯೇ ಆ ವಿಷ.

ಒಂದು ವಸ್ತು ಹೇಗೆ ಹುಟ್ಟಿತು, ಮಕ್ಕಳವರೆಗೆ ಹೇಗೆ ಬಂತು, ಸಮಾಜ ಅದಕ್ಕೆ ಏನು ಮಾಡಿತು ಎಂಬುದೂ ಚರಿತ್ರೆಯೇ. ರಾಜರ, ಯುದ್ಧಗಳ ಇಸವಿಗಳನ್ನು ಓದುವ ನೀವು ಈ ಇಸವಿಗಳನ್ನೂ ಒಮ್ಮೆ ನೋಡಿ.

ಟೈಪಿಸ್ಟ್ ಒಬ್ಬರ ಉಪಾಯ

ಅಮೆರಿಕದ ಡಲ್ಲಾಸ್ ನಗರದ ಬ್ಯಾಂಕೊಂದರಲ್ಲಿ ಕಾರ್ಯದರ್ಶಿಯಾಗಿದ್ದ ಬೆಟ್ಟಿ ನೆಸ್ಮಿತ್ ಗ್ರಹಾಂ ಎಂಬಾಕೆ 1950ರ ದಶಕದಲ್ಲಿ ಒಂದು ಉಪಾಯ ಕಂಡುಕೊಂಡರು. ಆಗ ಬಂದಿದ್ದ ವಿದ್ಯುತ್ ಟೈಪ್‌ರೈಟರಿನಲ್ಲಿ ತಪ್ಪು ಅಕ್ಷರ ಬಿದ್ದರೆ ರಬ್ಬರಿನಿಂದ ಉಜ್ಜಿದಾಗ ಕಾಗದವೇ ಕೊಳೆಯಾಗುತ್ತಿತ್ತು. ಚಿತ್ರಕಾರರು ತಪ್ಪನ್ನು ಅಳಿಸುವುದಿಲ್ಲ, ಅದರ ಮೇಲೆ ಬಣ್ಣ ಬಳಿಯುತ್ತಾರೆ ಎಂಬುದನ್ನು ಗಮನಿಸಿದ ಆಕೆ, ನೀರಿನಲ್ಲಿ ಕಲಸಿದ ಬಿಳಿ ಬಣ್ಣವನ್ನು ಸಣ್ಣ ಸೀಸೆಯಲ್ಲಿ ತುಂಬಿ ಕಚೇರಿಗೆ ಒಯ್ದರು. 1956ರಲ್ಲಿ ಅದನ್ನು ಮಾರಲು ತೊಡಗಿದರು. 1979ರಲ್ಲಿ ಜಿಲೆಟ್ ಕಂಪೆನಿ ಆ ಉದ್ಯಮವನ್ನು 4 ಕೋಟಿ 75 ಲಕ್ಷ ಡಾಲರಿಗೆ ಕೊಂಡುಕೊಂಡಿತು.

ಆಕೆಯ ಮೊದಲ ಸೀಸೆಯಲ್ಲಿ ಇದ್ದದ್ದು ನೀರು ಬೆರೆತ ಬಣ್ಣ. ನೀರು ನಿಧಾನವಾಗಿ ಒಣಗುತ್ತದೆ. ಕಚೇರಿಯ ಕೆಲಸಕ್ಕೆ ಅವಸರ. ಬೇಗ ಒಣಗಬೇಕು ಎಂಬ ಕಾರಣಕ್ಕೆ ಮುಂದೆ ಬಿಳಿ ದ್ರವಕ್ಕೆ ಟ್ರೈಕ್ಲೋರೋಈಥೇನ್, ಟೊಲುವೀನ್ ಮುಂತಾದ ಆವಿಶೀಲ ದ್ರಾವಕಗಳು ಸೇರಿದವು. ಟೈಪಿಸ್ಟರಿಗೆ ಅನುಕೂಲವಾಯಿತು. ಸೀಸೆಯ ಮುಚ್ಚಳ ತೆಗೆದರೆ ಘಾಟು ಮೂಗಿಗೆ ಬಡಿಯತೊಡಗಿತು.

ಇವುಗಳಲ್ಲಿ ಟ್ರೈಕ್ಲೋರೋಈಥೇನ್ ಬಗ್ಗೆ ಜಗತ್ತು ಒಟ್ಟಾಗಿ ಒಂದು ತೀರ್ಮಾನಕ್ಕೆ ಬಂತು. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ 1990ರಲ್ಲಿ ಲಂಡನ್ನಿನಲ್ಲಿ ತಿದ್ದುಪಡಿ ತಂದಾಗ ಅದನ್ನೂ ನಿಲ್ಲಿಸಬೇಕಾದ ರಾಸಾಯನಿಕಗಳ ಸಾಲಿಗೆ ಸೇರಿಸಲಾಯಿತು. ಕಾರಣ, ಅದು ಓಜೋನ್ ಪದರಕ್ಕೆ ಹಾನಿ ಮಾಡುತ್ತಿತ್ತು. ಆಕಾಶವನ್ನು ಕಾಪಾಡುವ ಆ ನಿರ್ಧಾರ ಒಳ್ಳೆಯದೇ. ಮಕ್ಕಳ ಶ್ವಾಸಕೋಶದ ಮಾತು ಮಾತ್ರ ಅಲ್ಲಿ ಬರಲಿಲ್ಲ. ಒಂದು ದ್ರಾವಕ ಹೋದ ಕಡೆ ಇನ್ನೊಂದು ದ್ರಾವಕ ಬಂದು ಕುಳಿತಿತು.

ಉತ್ತರ ಬೆಂಗಳೂರು ಬೆಳೆದ ಬಗೆ

ಈಗ ನಮ್ಮ ಊರಿಗೆ ಬರೋಣ. ಯಶವಂತಪುರದಿಂದ ಯಲಹಂಕದ ಮೇಲೆ ಹಿಂದೂಪುರದ ಕಡೆಗೆ ರೈಲು ಹಳಿ ಬಿದ್ದದ್ದು 19ನೇ ಶತಮಾನದ ಕೊನೆಯ ದಶಕದಲ್ಲಿ. ಆಗ ಇವೆಲ್ಲ ಹೊಲ, ಕೆರೆ, ತೋಪುಗಳ ಹಳ್ಳಿಗಳು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಬಂತು. ಸ್ವಾತಂತ್ರ್ಯಾನಂತರ ಜಾಲಹಳ್ಳಿಯ ಕಡೆ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಬಂದವು. 1964ರಲ್ಲಿ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. 1984ರಲ್ಲಿ ಯಲಹಂಕದ ರೈಲು ಗಾಲಿ ಕಾರ್ಖಾನೆ ಕೆಲಸ ಆರಂಭಿಸಿತು. ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿಗೆ ಈರುಳ್ಳಿ, ಆಲೂಗಡ್ಡೆ, ಧಾನ್ಯಗಳ ಲಾರಿಗಳು ರಾಜ್ಯದ ಮೂಲೆಮೂಲೆಗಳಿಂದ ಬಂದು ನಿಲ್ಲತೊಡಗಿದವು.

1971ರ ಜನಗಣತಿಯಲ್ಲಿ ಸುಮಾರು 16.5 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 1981ರ ಹೊತ್ತಿಗೆ 29 ಲಕ್ಷ ದಾಟಿತು. ಹತ್ತೇ ವರ್ಷಗಳಲ್ಲಿ ಸೇರಿದ ಈ ಹನ್ನೆರಡೂವರೆ ಲಕ್ಷ ಜನರಿಗೆಲ್ಲ ಮನೆ, ನೀರು, ಶಾಲೆ ಅದೇ ವೇಗದಲ್ಲಿ ಒದಗಲಿಲ್ಲ. ಮಳೆ ಕೈಕೊಟ್ಟ ಊರುಗಳಿಂದ ಬಂದ ಕುಟುಂಬಗಳ ಜೊತೆಗೆ ಕುಟುಂಬವನ್ನೇ ಬಿಟ್ಟು ಬಂದ ಮಕ್ಕಳೂ ರೈಲು ಇಳಿದರು. ಮನೆಯಲ್ಲಿ ಕುಡಿತ, ಹೊಡೆತ, ತಾಯಿಯೋ ತಂದೆಯೋ ತೀರಿಕೊಂಡದ್ದು, ಪರೀಕ್ಷೆಯಲ್ಲಿ ಫೇಲಾದ ಭಯ, ಇಲ್ಲವೇ ಸಿನಿಮಾದಲ್ಲಿ ಕಂಡ ನಗರದ ಆಸೆ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ.

ನಿಲ್ದಾಣ ಅವರಿಗೆ ಊರೂ ಹೌದು, ಮನೆಯೂ ಹೌದು. ಅಲ್ಲಿ ಖಾಲಿ ಬಾಟಲಿ, ಕಾಗದ ಆಯ್ದು ಗುಜರಿಗೆ ಹಾಕಿದರೆ ಒಂದಿಷ್ಟು ಕಾಸು. ಯಾರ್ಡಿನಲ್ಲಿ ಚೆಲ್ಲಿದ ತರಕಾರಿ ಗುಡಿಸಿದರೆ ಒಂದು ಹೊತ್ತಿನ ಊಟ. ತುಮಕೂರು ರಸ್ತೆಯ ಲಾರಿಗಳನ್ನು ತೊಳೆದರೆ ಒಂದು ಚಹಾ. ಉಳಿಸಿಟ್ಟ ಹಣವನ್ನು ದೊಡ್ಡವರು ಕಿತ್ತುಕೊಳ್ಳುತ್ತಾರಾದ್ದರಿಂದ ಅಂದಿನ ದುಡ್ಡು ಅಂದೇ ಖರ್ಚಾಗಬೇಕು. ಹಸಿವು, ಚಳಿ, ರಾತ್ರಿಯ ಭಯ ಇವನ್ನು ಸ್ವಲ್ಪ ಹೊತ್ತು ಮರೆಯಲು ಆವಿಯ ಮೊರೆ ಹೋದೆವು ಎಂದು ಇಂಥ ಮಕ್ಕಳು ಹೇಳುತ್ತಾರೆ. ಮೋಜಿಗೆ ಶುರುವಾದ ಚಟ ಎಂದು ನಾವು ಸುಲಭವಾಗಿ ತೀರ್ಪು ಕೊಟ್ಟುಬಿಡುತ್ತೇವೆ. ಊಟಕ್ಕೆ ಬದಲಾಗಿ, ಕಂಬಳಿಗೆ ಬದಲಾಗಿ ವಿಷವನ್ನು ಹಿಡಿದ ಮಗುವಿಗೆ ಆ ತೀರ್ಪು ಅನ್ವಯಿಸುತ್ತದೆಯೇ ಎಂದು ನೀವೇ ಯೋಚಿಸಿ.

ದೇಹದಲ್ಲಿ ಏನಾಗುತ್ತದೆ

ನಾನು ವಿಜ್ಞಾನ ಓದಿ ದೂರದರ್ಶನಕ್ಕೆ ಬಂದವನು. ಕಾಲೇಜಿನ ಪ್ರಯೋಗಾಲಯದಲ್ಲಿ ಟೊಲುವೀನ್ ಸೀಸೆ ತೆರೆಯುವ ಮುನ್ನ ಕಿಟಕಿ ತೆಗೆಯಿರಿ ಎಂದು ನಮಗೆ ಹೇಳಿಕೊಟ್ಟಿದ್ದರು. ಏಕೆಂದು ಈಗ ನೀವೂ ತಿಳಿಯಿರಿ.

ದ್ರಾವಕದ ಕೆಲಸವೇ ಜಿಡ್ಡನ್ನು ಕರಗಿಸುವುದು. ನಮ್ಮ ಮೆದುಳಿನಲ್ಲಿ ಕೊಬ್ಬಿನ ಅಂಶ ಬಹಳ. ಒಂದು ನರತಂತುವಿನಿಂದ ಇನ್ನೊಂದಕ್ಕೆ ಸಂದೇಶ ಬೇಗ ಹೋಗಲು ಆ ತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಇದ್ದಂತೆ. ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ದ್ರಾವಕದ ಆವಿ ಕೆಲವೇ ಕ್ಷಣಗಳಲ್ಲಿ ತಲುಪುತ್ತದೆ. ಬಹುಕಾಲ ಟೊಲುವೀನ್ ಸೇವಿಸಿದವರಲ್ಲಿ ಈ ಹೊದಿಕೆಯೇ ಹಾಳಾಗುತ್ತದೆ. ನಡಿಗೆ ತಪ್ಪುತ್ತದೆ, ಕೈ ನಡುಗುತ್ತದೆ, ನೆನಪು ಕುಂದುತ್ತದೆ. ಮೂತ್ರಪಿಂಡ, ಯಕೃತ್ತುಗಳಿಗೂ ಪೆಟ್ಟು ಬೀಳುತ್ತದೆ. ವಿವೇಚನೆ, ಸಂಯಮಗಳನ್ನು ನೋಡಿಕೊಳ್ಳುವ ಮೆದುಳಿನ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. ಹನ್ನೆರಡರ ಮಗುವಿನಲ್ಲಿ ಕಟ್ಟಡ ಇನ್ನೂ ಏಳುತ್ತಿರುವಾಗಲೇ ಗಾರೆಯನ್ನು ಕರಗಿಸಿದಂತಾಗುತ್ತದೆ.

ಇದಕ್ಕಿಂತ ಭೀಕರವಾದದ್ದು ಇನ್ನೊಂದಿದೆ. 1970ರಲ್ಲಿ ಮಿಲ್ಲರ್ಡ್ ಬ್ಯಾಸ್ ಎಂಬ ವೈದ್ಯರು ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 110 ಸಾವುಗಳನ್ನು ದಾಖಲಿಸಿದರು. ಸತ್ತವರೆಲ್ಲ ದ್ರಾವಕದ ಆವಿ ಸೇವಿಸಿದ್ದ ಎಳೆಯರು. ಆ ಸಾವುಗಳಿಗೆ ದೀರ್ಘಕಾಲದ ಚಟವೇ ಬೇಕಾಗಿರಲಿಲ್ಲ. ಆವಿಯ ಪ್ರಭಾವದಲ್ಲಿರುವ ಹೃದಯ ಅಡ್ರಿನಲಿನ್ ಎಂಬ ಹಾರ್ಮೋನಿಗೆ ವಿಪರೀತ ಸ್ಪಂದಿಸುತ್ತದೆ. ಆ ಹೊತ್ತಿನಲ್ಲಿ ಮಗು ಓಡಿದರೆ, ಬೆಚ್ಚಿಬಿದ್ದರೆ ಹೃದಯದ ಬಡಿತ ಲಯ ತಪ್ಪಿ ಅಲ್ಲಿಯೇ ನಿಂತುಬಿಡಬಹುದು. ಮೊದಲ ಸಲವೇ ಹೀಗಾಗಬಹುದು.

ಈ ವಿಷಯವನ್ನು ಪ್ಲಾಟ್‌ಫಾರ್ಮಿಗೆ ಅನ್ವಯಿಸಿ ನೋಡಿ. ಅಂಥ ಮಗುವನ್ನು ಕಂಡಾಗ ದೊಡ್ಡವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಗದರುತ್ತಾರೆ, ಲಾಠಿ ಎತ್ತುತ್ತಾರೆ, ಅಟ್ಟಿಸಿಕೊಂಡು ಹೋಗುತ್ತಾರೆ. ವಿಜ್ಞಾನದ ಪ್ರಕಾರ ಮಾಡಬಾರದ ಕೆಲಸ ಅದೊಂದೇ. ಮಗುವನ್ನು ಬೆದರಿಸದೆ, ಓಡಿಸದೆ, ಗಾಳಿ ಆಡುವ ಕಡೆ ಮೆಲ್ಲಗೆ ಕೂರಿಸಬೇಕು. ಎಚ್ಚರ ತಪ್ಪಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಬೇಕು.

ಮೊದಲು ಗಮನಿಸಿದವರು

ಕಾನೂನಿನ ಪಟ್ಟಿ ಗಮನಿಸದ ಮಗುವನ್ನು ಕೆಲವರು ಗಮನಿಸಿದರು. 1980ರಲ್ಲಿ ಬೆಂಗಳೂರಿನಲ್ಲಿ ಸಲೇಶಿಯನ್ ಸಂಸ್ಥೆಯ ವಿದ್ಯಾರ್ಥಿಗಳು ಬೀದಿಯ ಮಕ್ಕಳ ಜೊತೆ ಕೂತು ಮಾತಾಡತೊಡಗಿದರು. ಅದೇ ಮುಂದೆ ‘ಬೆಂಗಳೂರು ಓಣಿಯವರ ಸೇವಾ ಕೂಟ’ವಾಯಿತು. ಜನ ಅದನ್ನು ಬಾಸ್ಕೊ ಎಂದೇ ಕರೆಯುತ್ತಾರೆ. ಹಳ್ಳಿಯ ‘ಓಣಿ’ ಎಂಬ ಮಾತನ್ನು ಅವರು ಹೆಸರಿನಲ್ಲೇ ಇಟ್ಟುಕೊಂಡದ್ದನ್ನು ಗಮನಿಸಿ. 1990ರ ದಶಕದಲ್ಲಿ ರಾಯಚೂರಿನಲ್ಲಿ ಶುರುವಾದ ‘ಸಾಥಿ’ ರೈಲು ನಿಲ್ದಾಣದ ಮಕ್ಕಳನ್ನು ಮನೆಗೆ ಸೇರಿಸುವ ಕೆಲಸ ಹಿಡಿಯಿತು. ಮಗು ರೈಲು ಇಳಿದ ಮೊದಲ ಗಂಟೆಗಳಲ್ಲೇ ಒಬ್ಬ ನಂಬಿಕಸ್ಥ ಹಿರಿಯರು ಸಿಕ್ಕರೆ ಮನೆಯ ದಾರಿ ಹತ್ತಿರ. ತಿಂಗಳುಗಳು ಕಳೆದಷ್ಟೂ ದೂರ.

ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಬೆಂಗಳೂರಿನ ಬೀದಿ ಹಾಗೂ ದುಡಿಯುವ ಮಕ್ಕಳ ವೇದಿಕೆಯ ಜೊತೆಗೂಡಿ ನಗರದ ಬೀದಿ ಮಕ್ಕಳಲ್ಲಿ ಮಾದಕ ವಸ್ತುಗಳ ಬಳಕೆ ಕುರಿತು ನಡೆಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಪೊಲೀಸ್ ಠಾಣೆಯ ವಿಷಯವೆಂದು ತಿಳಿದದ್ದು ಹೀಗೆ ಆರೋಗ್ಯದ ವಿಷಯವಾಗಿ ದಾಖಲಾಯಿತು.

ಕಾನೂನಿನ ಭಾಷೆಯೂ ನಿಧಾನವಾಗಿ ಬದಲಾಯಿತು. 1986ರ ಬಾಲನ್ಯಾಯ ಕಾಯಿದೆ ಇಂಥ ಮಗುವನ್ನು ‘ನಿರ್ಲಕ್ಷಿತ ಬಾಲಕ’ ಎಂದು ಕರೆಯುತ್ತಿತ್ತು. 1992ರಲ್ಲಿ ಭಾರತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿಕೊಂಡಿತು. ಮಾದಕ ವಸ್ತುಗಳಿಂದ ಮಕ್ಕಳನ್ನು ಕಾಪಾಡುವುದು ಸರ್ಕಾರಗಳ ಹೊಣೆ ಎಂದು ಅದರ 33ನೇ ವಿಧಿ ಹೇಳುತ್ತದೆ. 2000ದ ಕಾಯಿದೆಯಲ್ಲಿ ಆ ಮಗು ‘ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು’ ಆಯಿತು. 2015ರ ಬಾಲನ್ಯಾಯ ಕಾಯಿದೆಯ 77ನೇ ಕಲಮು ಮಕ್ಕಳಿಗೆ ಮದ್ಯ, ಮಾದಕ ವಸ್ತು, ತಂಬಾಕು ಕೊಡುವವರಿಗೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಆ ಕಲಮಿನ ಸಾಲಿನಲ್ಲೂ ದ್ರಾವಕದ ಹೆಸರು ನೇರವಾಗಿ ಇಲ್ಲ.

ಕೋಟೆ ಕೊಳ್ಳೆ ಹೋದ ಮೇಲೆ

2012ರಲ್ಲಿ ಕೇಂದ್ರ ಸರ್ಕಾರ ಸೀಸೆಯಲ್ಲಿ ಮಾರುವ ಬಿಳಿ ದ್ರವ ಹಾಗೂ ಅದರ ಥಿನ್ನರ್ ಮೇಲೆ ನಿಷೇಧ ಹೇರಿತು. ಅಲ್ಪ ಪ್ರಮಾಣ ಮಾತ್ರ ಹೊರಬರುವ ಪೆನ್ನಿನಂಥ ಸಾಧನದಲ್ಲಿ, ಎಚ್ಚರಿಕೆಯ ಮಾತು ಮುದ್ರಿಸಿ ಮಾರಬಹುದು ಎಂದಿತು. ನೀವು ಇಂದು ಬಳಸುವ ಬಿಳಿ ಪೆನ್ನಿನ ಹಿಂದೆ ಈ ಚರಿತ್ರೆ ಇದೆ. ಬಾಸ್ಕೊ ಕೆಲಸ ಶುರುವಾಗಿ ಆಗ 32 ವರ್ಷಗಳು ಕಳೆದಿದ್ದವು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಇಲ್ಲಿ ನೆನಪಾದರೆ ತಪ್ಪಿಲ್ಲ.

ಆದರೂ ಬಾಗಿಲು ಹಾಕಿದ್ದು ಒಳ್ಳೆಯದೇ. ಕೊಳ್ಳಲು ಕಷ್ಟವಾದಷ್ಟೂ ಹೊಸ ಮಕ್ಕಳು ಶುರು ಮಾಡುವುದು ಕಡಿಮೆಯಾಗುತ್ತದೆ. ಕರ್ನಾಟಕದಲ್ಲಿ 2007ರ ಜುಲೈನಲ್ಲಿ ಪ್ಯಾಕೆಟ್ ಸಾರಾಯಿ, 2013ರಲ್ಲಿ ಗುಟ್ಕಾ, 2016ರಲ್ಲಿ ಇ-ಸಿಗರೇಟು ನಿಷೇಧವಾದವು. ಇ-ಸಿಗರೇಟಿನ ನಿಷೇಧ 2019ರಲ್ಲಿ ಇಡೀ ದೇಶಕ್ಕೆ ಬಂತು. 2025ರ ಮೇ ತಿಂಗಳಿನಿಂದ ನಮ್ಮ ರಾಜ್ಯದಲ್ಲಿ ತಂಬಾಕು ಕೊಳ್ಳಲು 21 ವರ್ಷ ತುಂಬಿರಬೇಕು. ಇವೆಲ್ಲ ಬೇಕಾದ ಕ್ರಮಗಳೇ. ಆದರೆ ಪಟ್ಟಿಗೆ ಒಂದು ಹೆಸರು ಸೇರುವಷ್ಟರಲ್ಲಿ ಮಾರುಕಟ್ಟೆಗೆ ಇನ್ನೊಂದು ಹೆಸರು ಬರುತ್ತದೆ. ಪುಟ್ಟ ಪೊಟ್ಟಣ, ಪುಟ್ಟ ಸೀಸೆ, ಪುಟ್ಟ ಬೆಲೆ, ಹೀಗೆ ಪ್ರತಿ ಸಲವೂ ಮಕ್ಕಳ ಕೈಯ ಅಳತೆಗೇ ಬರುತ್ತದೆ.

ಅಂಕಿಅಂಶಗಳು ಏನು ಹೇಳುತ್ತವೆ? ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕಾಗಿ ನಡೆದ 2013ರ ಅಧ್ಯಯನದಲ್ಲಿ ಮಾದಕ ವಸ್ತು ಬಳಸುತ್ತಿದ್ದ 4,024 ಮಕ್ಕಳನ್ನು ಮಾತಾಡಿಸಲಾಯಿತು. ಅವರು ತಂಬಾಕು ಆರಂಭಿಸಿದ ಸರಾಸರಿ ವಯಸ್ಸು 12.3 ವರ್ಷ, ಆವಿ ಸೇವನೆ ಆರಂಭಿಸಿದ್ದು 12.4 ವರ್ಷ, ಗಾಂಜಾ 13.4, ಮದ್ಯ 13.6. ಹನ್ನೆರಡು ವರ್ಷ ಎಂದರೆ 7ನೇ ತರಗತಿ! 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ 10ರಿಂದ 17 ವರ್ಷದವರಲ್ಲಿ ಆವಿ ಸೇವಿಸುವವರು ಶೇ. 1.17, ದೊಡ್ಡವರಲ್ಲಿ ಶೇ. 0.58. ಬೇರೆಲ್ಲ ಮಾದಕ ವಸ್ತುಗಳಲ್ಲಿ ದೊಡ್ಡವರು ಮುಂದು, ಇದೊಂದರಲ್ಲಿ ಮಾತ್ರ ಮಕ್ಕಳು ಮುಂದು. ದೇಶದಲ್ಲಿ 4.6 ಲಕ್ಷ ಮಕ್ಕಳಿಗೆ ಈ ಕಾರಣಕ್ಕಾಗಿ ನೆರವು ಬೇಕು ಎಂದು ಆ ಸಮೀಕ್ಷೆ ಅಂದಾಜು ಮಾಡಿತು.

ನಿಮ್ಮ ತರಗತಿಯ ಮಾತು

ಇದೆಲ್ಲ ಪ್ಲಾಟ್‌ಫಾರ್ಮಿನ ಮಕ್ಕಳ ಕಥೆ, ಆರ್.ಟಿ. ನಗರದಲ್ಲೋ ಯಲಹಂಕದಲ್ಲೋ ಶಾಲೆಗೆ ಹೋಗುವ ನಮಗೇನು ಎಂದು ನೀವು ಕೇಳಬಹುದು. ಎರಡು ಕಾರಣಗಳಿವೆ.

ಮೊದಲನೆಯದು ಧೈರ್ಯ ಕೊಡುವಂಥದ್ದು. ಯಾರಾದರೂ ನಿಮಗೆ ಸಿಗರೇಟನ್ನೋ ವೇಪನ್ನೋ ಚಾಚುವಾಗ ಹೇಳುವ ಮಾತು ‘ಎಲ್ಲರೂ ಮಾಡ್ತಾರೆ, ನಿನಗೇನು?’ ಎಂಬುದು. ಅದು ಸುಳ್ಳು. 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ 2019ರಲ್ಲಿ ನಡೆದ ತಂಬಾಕು ಸಮೀಕ್ಷೆಯ ಪ್ರಕಾರ ದೇಶದಲ್ಲಿ ಬಳಸುವವರು ಶೇ. 8.5, ಕರ್ನಾಟಕದಲ್ಲಿ ಕೇವಲ ಶೇ. 1.2. ನೂರು ಮಂದಿಯಲ್ಲಿ ಹೆಚ್ಚುಕಡಿಮೆ ಒಬ್ಬರು! ಬೇಡ ಎನ್ನುವ ನೀವು ಒಂಟಿಯಲ್ಲ, ಉಳಿದ ತೊಂಬತ್ತೆಂಟು ಮಂದಿ ನಿಮ್ಮ ಕಡೆ ಇದ್ದಾರೆ.

ಎರಡನೆಯದು ಹೊಣೆಯ ಮಾತು. ಆ ಸಮೀಕ್ಷೆ ನಡೆದದ್ದು ತರಗತಿಯಲ್ಲಿ ಕುಳಿತಿದ್ದ ಮಕ್ಕಳಲ್ಲಿ. ಶಾಲೆ ಬಿಟ್ಟವರು ಅದರ ಲೆಕ್ಕದಲ್ಲಿ ಇಲ್ಲ. ಅವರಲ್ಲಿ ಎಷ್ಟೋ ಮಂದಿಯ ಹೆಸರು ಒಂದು ಕಾಲಕ್ಕೆ ಯಾವುದೋ ಶಾಲೆಯ ಹಾಜರಿ ಪುಸ್ತಕದಲ್ಲಿ ಇತ್ತು. ವಾರವಿಡೀ ಬಾರದ ಗೆಳೆಯ, ಮಂಕಾಗಿ ಕೂರುವ ಗೆಳತಿ, ಇದ್ದಕ್ಕಿದ್ದಂತೆ ಸಿಡುಕುವ, ದುಡ್ಡು ಕೇಳುವ, ಮನೆಗೆ ಹೋಗಲು ಹೆದರುವ ಸಹಪಾಠಿ, ಇವರನ್ನು ಮಾಸ್ತರಿಗಿಂತ ಮೊದಲು ಕಾಣುವವರು ನೀವು. ಮಾರುವವರಿಗಿಂತ ಮೊದಲು ನೀವು ಅವರ ಪಕ್ಕದಲ್ಲಿ ಕೂರಿ. ‘ಯಾಕೋ, ನಿನ್ನೆ ಬರಲಿಲ್ಲ?’ ಎಂದು ಕೇಳಿ. ಚಾಡಿ ಹೇಳುವುದು ಬೇರೆ, ನಂಬಿಕೆಯ ಹಿರಿಯರೊಬ್ಬರಿಗೆ ತಿಳಿಸಿ ಗೆಳೆಯನನ್ನು ಉಳಿಸಿಕೊಳ್ಳುವುದು ಬೇರೆ. ನೀವು ಒಬ್ಬರೇ ಚಿಕಿತ್ಸೆ ಮಾಡಲು ಹೊರಡಬೇಡಿ, ಗೆಳೆಯನನ್ನು ಒಬ್ಬನೇ ಬಿಡಲೂ ಬೇಡಿ.

ಇನ್ನೊಂದು ಮಾತು. ದೂರದರ್ಶನದಲ್ಲಿ ಇಂಥ ಮಕ್ಕಳ ಮುಖವನ್ನು ನಾವು ಮಸುಕುಗೊಳಿಸಿ ತೋರಿಸುತ್ತೇವೆ, ಹೆಸರು ಹೇಳುವುದಿಲ್ಲ. ಬಾಲನ್ಯಾಯ ಕಾಯಿದೆಯೇ ಹಾಗೆ ಹೇಳುತ್ತದೆ. ನಿಮ್ಮ ಮೊಬೈಲಿಗೂ ಅದೇ ನಿಯಮ. ಬೀದಿಯಲ್ಲಿ ಅಮಲಿನಲ್ಲಿ ಬಿದ್ದ ಮಗುವಿನ ವಿಡಿಯೋ ತೆಗೆದು ಹಂಚಬೇಡಿ. ಅದೇ ಫೋನಿನಿಂದ ಕರೆ ಮಾಡಿ.

ಕರೆ ಮಾಡಬೇಕಾದ ಸಂಖ್ಯೆಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಮಕ್ಕಳ ಸಹಾಯವಾಣಿ 1098. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ ಈ ಸೇವೆಯನ್ನು 2023ರಿಂದ ಸರ್ಕಾರವೇ ನಡೆಸುತ್ತಿದೆ. ವ್ಯಸನಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿಗೆ ಕಷ್ಟವಾದಾಗ, ಯಾವ ಕಾರಣಕ್ಕೇ ಆಗಲಿ, ಟೆಲಿ ಮಾನಸ್ 14416. 2022ರ ಅಕ್ಟೋಬರಿನಲ್ಲಿ ಶುರುವಾದ ಆ ಸೇವೆಗೆ ನಮ್ಮ ನಿಮ್ಹಾನ್ಸ್ ಸಂಸ್ಥೆಯೇ ಮುಖ್ಯ ಕೇಂದ್ರ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ನೆರವು ಕೇಳಿದರೆ ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ ಎಂದು ಹೆದರುವ ಗೆಳೆಯನಿಗೆ, ಕಾನೂನಿನ ಕಣ್ಣಿನಲ್ಲಿ ಅವನು ರಕ್ಷಣೆ ಪಡೆಯಬೇಕಾದ ಮಗು ಎಂದು ತಿಳಿಸಿ.

ಮಾದಕ ವಸ್ತುಗಳ ಪಟ್ಟಿ ಮುಂದೆಯೂ ಉದ್ದವಾಗುತ್ತದೆ. ಸರ್ಕಾರ ಅದನ್ನು ಬೆಳೆಸಲಿ, ಬೆಳೆಸಬೇಕು. ನೀವು ನೋಡಬೇಕಾದದ್ದು ನಿಮ್ಮ ತರಗತಿಯ ಹಾಜರಿ ಪಟ್ಟಿಯನ್ನು. ಅದರಲ್ಲಿ ಈ ವಾರ ಕಾಣದ ಹೆಸರು ಯಾವುದು, ಆ ಮನೆಗೆ ಸಂಜೆ ಯಾರು ಹೋಗಿ ಬರುತ್ತೀರಿ ಎಂಬುದನ್ನು ನಾಳೆಯೇ ಗೆಳೆಯರೊಡನೆ ಮಾತಾಡಿಕೊಳ್ಳಿ.